ಎರಡು ಬೆರಳು ಬಟ್ಟೆ

ದೋಣಿಯಲ್ಲಿ ಕೂತರೆ ಅಮ್ಮನಿಗೆ ತಲೆ ಸುತ್ತೀತೇನೋ ಎಂದು ಮಗಳು ವಾರದಿಂದ ಯೋಚಿಸುತ್ತಿದ್ದಳು. ಅಮ್ಮನ ಕಣ್ಣು ಡಾಕ್ಟರಿಗೆ ತೋರಿಸಿಕೊಂಡು ವಾಪಸಾಗುವಾಗ, ಬಸ್ಸು ಬದಲಿಸುವ ಊರಿನಲ್ಲಿ ಅರ್ಧ ದಿನ ಬಿಡುವು ಸಿಗುತ್ತಿತ್ತು. ಆ ಊರಿಗೊಂದು ದೊಡ್ಡ ಕೆರೆ, ಕೆರೆಯಲ್ಲಿ ದೋಣಿ. ಮದುವೆ ಗಿದುವೆ ಎನ್ನದೆ ಹೊಲಿಗೆ ಅಂಗಡಿಯಲ್ಲೇ ನಲವತ್ತು ದಾಟಿದವಳಿಗೆ ಅದೇ ಮಹಾಪ್ರವಾಸ. ಅಮ್ಮ, ತಾನು, ನೀರು. ನಡುವೆ ಯಾರೂ ಬೇಡ.

ಬಸ್ಸಿಳಿದ ಅಮ್ಮ ಕೈಚೀಲವನ್ನು ಎದೆಗವಚಿಕೊಂಡು, ಕೆರೆ ಎಲ್ಲಿಗೂ ಓಡಿಹೋಗುವುದಿಲ್ಲ, ನಿನ್ನ ಅತ್ತಿಗೆಯ ಮನೆ ಇಲ್ಲೇ ಅಂತೆ, ಒಂದು ಗಳಿಗೆ ನೋಡಿಕೊಂಡು ಹೋಗೋಣ ಎಂದಳು.

ಅಣ್ಣನನ್ನು ಬಿಟ್ಟು ಬೇರೆ ಮದುವೆಯಾದ ಆ ಅತ್ತಿಗೆ. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನದು ಹೊಡೆಯದೆ ಸುಮ್ಮನಿರುವ ಕೈಯಲ್ಲ, ಅವಳು ಹೋದದ್ದೇ ಸರಿ, ಅದು ಮಗಳಿಗೂ ಗೊತ್ತು. ಆದರೆ ಹೊಟ್ಟೆಕಿಚ್ಚು ನ್ಯಾಯ ಕೇಳಿಕೊಂಡು ಬರುತ್ತದೆಯೇ? ಮೂವರೂ ಕೂತು ಹೊಲಿಯುತ್ತಿದ್ದ ಕಾಲದಲ್ಲಿ ಅಮ್ಮನ ಮೆಚ್ಚುಗೆಯೆಲ್ಲ ಸೊಸೆಗೆ, ಬೈಗುಳವೆಲ್ಲ ಮಗಳಿಗೆ. ಅವಳು ತೊಲಗಿದ ಮೇಲಾದರೂ ಅಮ್ಮ ತನ್ನವಳಾದಳು ಎಂದುಕೊಂಡರೆ, ಈಗ ಇದು. ಮುಖ ಗಂಟಿಕ್ಕಿಕೊಂಡೇ ಆಟೋ ಕರೆದಳು.

ಅತ್ತಿಗೆ ಬಾಗಿಲು ತೆಗೆದವಳೇ "ಅತ್ತೆ" ಎಂದು ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಅಮ್ಮ ಚೀಲದಿಂದ ನೀಲಿ ಅಂಗಿಯೊಂದನ್ನು ತೆಗೆದು ಕೊಟ್ಟಳು. ಪೂರ್ತಿ ಕೈಹೊಲಿಗೆ. ಅಮ್ಮನ ಹೊಲಿಗೆಯನ್ನು ಮಗಳು ಕತ್ತಲಲ್ಲೂ ಗುರುತು ಹಿಡಿದಾಳು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ ಎಂದು ಮಗಳಿಗೊಂದು ಅಂಗಿ ಹೊಲಿಯುವುದನ್ನು ವರ್ಷದಿಂದ ಮುಂದೂಡುತ್ತಿದ್ದ ಅಮ್ಮ, ಇವಳಿಗೆ ಕದ್ದುಮುಚ್ಚಿ ಹೊಲಿದಿದ್ದಾಳೆ.

ಅತ್ತಿಗೆ ಒಳಗೆ ಹೋಗಿ ಹಾಕಿಕೊಂಡು ನೋಡಿದಳು. ಮೈ ತುಂಬಿಕೊಂಡಿತ್ತು, ಅಂಗಿ ಹಳೆಯ ಅಳತೆಯದು, ಪಕ್ಕೆಯಲ್ಲಿ ಬಿಗಿ. ನಗುತ್ತಾ ಬಿಚ್ಚಿ ತಂದು, ಅಂಗಿಯನ್ನೂ ಕತ್ತರಿಯನ್ನೂ ನಾದಿನಿಯ ಮುಂದಿಟ್ಟಳು. "ಪಕ್ಕೆ ಹೊಲಿಗೆ ಬಿಚ್ಚಿದ್ರೆ ಆಯ್ತು. ಮನೆಯವರಿಗೆ ಅತ್ತೆ ಬಟ್ಟೆ ಬಿಟ್ಟೇ ಇರ್ತಾರೆ."

ಅದು ಅವರ ಅಂಗಡಿಯ ಪದ್ಧತಿ. ಗಿರಾಕಿಗಳಿಗೆ ಹೊಲಿಗೆ ನಿಲ್ಲುವಷ್ಟೇ ಅಂಚು. ಮನೆಯವರ ಅಂಗಿಗೆ ಮಾತ್ರ ಒಳಗೆ ಎರಡು ಬೆರಳು ಬಟ್ಟೆ ಮಡಚಿಡಬೇಕು, ದಪ್ಪಗಾದರೆ ಬಿಚ್ಚಿಕೊಳ್ಳಲು. ಮಗಳು ಅಂಗಿಯ ಒಳಮೈ ತಿರುಗಿಸಿದಳು. ಎರಡು ಬೆರಳು ಇದ್ದರೆ ಇವಳು ಇನ್ನೂ ಮನೆಯವಳೇ. ಇರದಿರಲಿ ಎಂದು ಬೇಡಿಕೊಂಡೇ ನೋಡಿದಳು.

ಇರಲಿಲ್ಲ. ಅಂಚು ಬರೀ ಹೊಲಿಗೆಯಷ್ಟೇ. ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ. ಸುಮ್ಮನಿರಬಹುದಿತ್ತು, ಇರಲಿಲ್ಲ.

"ಏನೂ ಬಿಟ್ಟಿಲ್ಲ. ಗಿರಾಕಿ ಅಳತೆ," ಎಂದಳು.

ಅತ್ತಿಗೆಯ ಮುಖ ಸಪ್ಪಗಾಯಿತು. ಅಂಗಿಯನ್ನು ಮಡಚತೊಡಗಿದಳು. ಅಮ್ಮ ಅವಳ ಕೈ ತಡೆದಳು.

"ಬೇಕಂತಲೇ ಬಿಡಲಿಲ್ಲ, ಮಗಾ. ಬಟ್ಟೆ ಬಿಡೋದು, ಬಿಚ್ಚಿಸ್ಕೊಳ್ಳೋಕೆ ಮತ್ತೆ ನನ್ನ ಹತ್ರಾನೇ ಬರಲಿ ಅಂತ. ನೀನು ಆ ಮನೆಗೆ ವಾಪಸ್ ಬರಬಾರದು. ದಪ್ಪ ಆದ್ರೆ ಈ ಊರಲ್ಲೇ ಹೊಸದು ಹೊಲಿಸ್ಕೋ."

ಅತ್ತಿಗೆ ಅಮ್ಮನ ಭುಜಕ್ಕೆ ಹಣೆಯಿಟ್ಟು ಅತ್ತಳು. ಅಮ್ಮ ಅವಳ ಬೆನ್ನು ಸವರುತ್ತಿದ್ದಳು. ಗೆದ್ದೆನೆಂದುಕೊಂಡಿದ್ದ ಮಗಳು ಕತ್ತರಿ ಹಿಡಿದುಕೊಂಡು ಬೆಪ್ಪಾಗಿ ಕೂತಿದ್ದಳು.

ಮಾತು ಮುಗಿಯುವಷ್ಟರಲ್ಲಿ ದೋಣಿಯ ಹೊತ್ತು ಮೀರಿತ್ತು. ತಮ್ಮ ಊರಿನ ಬಸ್ಸು ಹತ್ತಿದರು. ಕಿಟಕಿಯಾಚೆ ಕೆರೆ ಕಂಡು ಮರೆಯಾಯಿತು. ಮಗಳ ಬೆರಳು ಅವಳಿಗೇ ತಿಳಿಯದೆ ತನ್ನ ಅಂಗಿಯ ಪಕ್ಕೆಗೆ ಹೋಯಿತು. ಒಳಗೆ ಎರಡು ಬೆರಳು ಬಟ್ಟೆ, ದಪ್ಪಗೆ, ಭದ್ರವಾಗಿ. ಇಷ್ಟು ವರ್ಷ ಅದನ್ನೇ ಪ್ರೀತಿ ಎಂದು ಹೆಮ್ಮೆಪಟ್ಟಿದ್ದಳು. ಹೋಗು ಅಂತ ಅಮ್ಮ ತನಗೆ ಒಮ್ಮೆಯೂ ಅಂದದ್ದಿಲ್ಲ. ಅತ್ತಿಗೆಯ ಮೇಲೆ ಇದುವರೆಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಅವಳಿಗೆ ಸಿಕ್ಕ ಈ ಬಿಡುಗಡೆಯ ಮೇಲಿನ ಕಿಚ್ಚಿನ ಮುಂದೆ ಏನೂ ಅಲ್ಲ ಅನ್ನಿಸಿತು.

"ಅಮ್ಮಾ, ನಂಗೂ ಒಂದು ಅಂಗಿ ಹೊಲಿ. ಬಟ್ಟೆ ಬಿಡಬೇಡ," ಎಂದಳು.

ಅಮ್ಮ ಮಗಳ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದಳು:

"ನಂಗೆಲ್ಲಿ ಕಣ್ಣು ಕಾಣುತ್ತೆ, ಮಗಳೇ."