ಹೆಸರು ದೇಸಾಯರದು

ನಾನು ಎದೆಯವರೆಗೆ ಮಾತ್ರ ಇರುವ ಒಬ್ಬ ಗಂಡಸು. ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯೂ ಇಲ್ಲ. ಸಿಮೆಂಟು, ಹೊಳೆಯ ಮರಳು, ಕಬ್ಬಿಣದ ಸರಳು ಸೇರಿ ಆದವನು. ನವಿಲಹಾಳದ ಪ್ರೌಢಶಾಲೆಯ ಅಂಗಳದಲ್ಲಿ ಐವತ್ತು ವರ್ಷಕ್ಕೂ ಮೇಲೆ ನಿಂತಿದ್ದೆ. ನಿಂತಿದ್ದೆ ಎನ್ನುವುದು ಬರೀ ಮಾತಿಗೆ. ಕಾಲಿಲ್ಲದವನು ಹೇಗೆ ನಿಲ್ಲುತ್ತಾನೆ? ಕಟ್ಟೆಯ ಮೇಲೆ ಇಟ್ಟಿದ್ದರು, ಇದ್ದೆ.

ನನ್ನನ್ನು ಮಾಡಿದವನು ಮೋನಪ್ಪ ಬಡಿಗೇರ. ಗುಡಿಗಳ ಗೋಪುರಕ್ಕೆ ಸಿಮೆಂಟಿನ ನಂದಿ, ದ್ವಾರಪಾಲಕರನ್ನು ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಒಂದು ದಿನ ಊರ ದೇಸಾಯರ ವಾಡೆಯಿಂದ ಅವನಿಗೆ ಕರೆ ಬಂತು. ದೇಸಾಯರು ಕೊಟ್ಟ ಜಾಗದಲ್ಲಿ ಹೊಸ ಹೈಸ್ಕೂಲು ಏಳುತ್ತಿತ್ತು. ಅದಕ್ಕೆ ಅವರ ಮನೆತನದ ಹಿರಿಯ ಬಾಪುಸಾಹೇಬ ದೇಸಾಯರ ಹೆಸರು. ಅಂಗಳದಲ್ಲಿ ಅವರದೊಂದು ಮೂರ್ತಿಯೂ ಬೇಕು. ತೊಂದರೆ ಒಂದೇ. ಬಾಪುಸಾಹೇಬರು ತೀರಿಕೊಂಡು ನೂರು ವರ್ಷ ಆಗಿತ್ತು. ಅವರ ಫೋಟೋ ಇರಲಿಲ್ಲ, ಚಿತ್ರ ಇರಲಿಲ್ಲ, ಮೂಗು ಉದ್ದವಿತ್ತೋ ಗಿಡ್ಡವಿತ್ತೋ ಹೇಳುವ ಒಂದು ಜೀವವೂ ಊರಲ್ಲಿ ಉಳಿದಿರಲಿಲ್ಲ.

"ತಲಿಗೆ ರುಮಾಲು ದೊಡ್ಡದಿರಲಿ, ಮೀಸಿ ಹುರಿ ಮಾಡಿದ್ದಿರಲಿ. ಉಳದದ್ದು ನಿನಗ ಬಿಟ್ಟದ್ದು" ಎಂದು ಆಗಿನ ದೇಸಾಯರು ಕೈ ತೊಳೆದುಕೊಂಡರು.

ಗಾಳಿಯಿಂದ ಮುಖ ಇಳಿಸುವ ವಿದ್ಯೆ ಮೋನಪ್ಪನಿಗೆ ಬರುತ್ತಿರಲಿಲ್ಲ. ದ್ವಾರಪಾಲಕನನ್ನು ಮಾಡುವಾಗಲೂ ಯಾರನ್ನಾದರೂ ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಸುತ್ತಲ ಹಳ್ಳಿಗಳ ಗುಡಿಗಳ ಮೇಲೆ ಇವತ್ತಿಗೂ ಅವನ ಮಾವ, ಅವನ ಭಾವಮೈದ, ಅವನ ಸಾಲಗಾರರು ಗದೆ ಹಿಡಿದು ನಿಂತಿದ್ದಾರೆ. ಆ ದಿನ ನನ್ನ ಒಳಗಿನ ಸರಳುಗಳನ್ನು ಬಗ್ಗಿಸಿ ಕೊಡಲು ಕಮ್ಮಾರ ಕಾಳಪ್ಪ ಬಂದಿದ್ದ. ಹರೆಯದ ಆಳು, ಅಗಲ ಹಣೆ, ನೆಟ್ಟಗಿನ ಮೂಗು.

"ಕಾಳ್ಯಾ, ಅಲ್ಲೇ ಒಂದೀಟು ಕುಂದ್ರು. ಅಲಗ್ಯಾಡಬ್ಯಾಡ" ಎಂದ ಮೋನಪ್ಪ.

"ಯಾಕೋ?"

"ನಿನ್ನ ದೇಸಾಯಿ ಮಾಡ್ತೀನಿ."

ಕಾಳಪ್ಪ ನಕ್ಕ. ಆ ನಗು ಪೂರ್ತಿ ಇಳಿಯುವವರೆಗೆ ಮೋನಪ್ಪ ಕಾಯಲಿಲ್ಲ. ಹಾಗಾಗಿ ನನ್ನ ತುಟಿಯ ಒಂದು ತುದಿ ಚೂರು ಮೇಲೆದ್ದಿದೆ. ಮುಂದೆ ಭಾಷಣಕಾರರು ಅದನ್ನು ಧರ್ಮಪ್ರಭುವಿನ ಮಂದಹಾಸ ಎಂದು ವರ್ಣಿಸಿದರು. ನನ್ನ ಎಲುಬು ಬಗ್ಗಿಸಿದವನೂ ಕಾಳಪ್ಪನೇ, ಮುಖವೂ ಅವನದೇ. ಹೆಸರು ಮಾತ್ರ ದೇಸಾಯರದು.

ಮಂತ್ರಿಯೊಬ್ಬರು ಬಂದು ನನ್ನ ಮೇಲಿನ ಬಟ್ಟೆ ಸರಿಸಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ "ಇಂವ ನಮ್ಮ ಕಮ್ಮಾರ ಕಾಳ್ಯಾನ ಹಂಗ ಕಾಣ್ತಾನಲ್ಲೋ" ಎಂದ. ಪಕ್ಕದವನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದ. ಮೂರ್ತಿ ಎಂದರೆ ಜನ ರುಮಾಲು ನೋಡುತ್ತಾರೆ, ಮೀಸೆ ನೋಡುತ್ತಾರೆ, ಮುಖದ ಗೊಡವೆಗೆ ಹೋಗುವುದಿಲ್ಲ. ಕಾಳಪ್ಪ ಆ ದಿನ ಬಂದಿರಲಿಲ್ಲ. ಹಿಂದಿನ ವಾರ ಇದ್ದಲಿ ಚೀಲದೊಳಗೆ ಕೈ ಹಾಕಿದಾಗ ಹಾವು ಕಚ್ಚಿ ತೀರಿಹೋಗಿದ್ದ.

ಅವನ ಮನೆಯಲ್ಲಿ ಉಳಿದವರು ಹೆಂಡತಿ ಮಾನವ್ವ ಮತ್ತು ಅಂಬೆಗಾಲಿಡುತ್ತಿದ್ದ ಮಗಳು ದಾಕ್ಷಾಯಣಿ. ಕಾಳಪ್ಪ ಒಂದು ಫೋಟೋವನ್ನೂ ತೆಗೆಸಿಕೊಂಡಿರಲಿಲ್ಲ. ಅವನನ್ನು ನೋಡಬೇಕೆಂದರೆ ನನ್ನ ಬಳಿಯೇ ಬರಬೇಕು. ಮಾನವ್ವ ಬರುತ್ತಿದ್ದಳು. ಹೊಳೆಯಿಂದ ಬಟ್ಟೆ ಒಗೆದುಕೊಂಡು ಹಿಂತಿರುಗುವಾಗ ಕಂಪೌಂಡಿನ ಆಚೆ ಬುಟ್ಟಿ ಹೊತ್ತು ನಿಂತು ನೋಡುತ್ತಿದ್ದಳು. ದೇಸಾಯರ ಮೇಲೆ ಎಂಥ ಭಕ್ತಿ ನೋಡಿ ಎಂದು ಊರವರು ಮೆಚ್ಚಿಕೊಂಡರು. ಅವಳು ಅವರ ತಪ್ಪು ತಿದ್ದಲಿಲ್ಲ.

ದಾಕ್ಷಾಯಣಿ ಎಂಟನೆಯ ತರಗತಿಗೆ ಸೇರಿದ ದಿನ ಮಾನವ್ವ ಅವಳನ್ನು ನನ್ನ ಮುಂದೆ ತಂದು ನಿಲ್ಲಿಸಿದಳು. ಸುತ್ತ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹೇಳಿದಳು. "ರುಮಾಲು ಬಿಟ್ಟು ನೋಡು, ಮೀಸಿ ಬಿಟ್ಟು ನೋಡು. ಉಳದಾವ್ರು ನಿಮ್ಮಪ್ಪ."

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಮೂರು ವರ್ಷ ಮಧ್ಯಾಹ್ನದ ರೊಟ್ಟಿಯನ್ನು ನನ್ನ ಕಟ್ಟೆಯ ಮೇಲೆಯೇ ಕೂತು ತಿಂದಳು. ಪರೀಕ್ಷೆಯ ದಿನ ಉಳಿದ ಮಕ್ಕಳು ಗಣಪತಿಗೆ ಕೈ ಮುಗಿದರೆ ಇವಳು ನನಗೊಂದು ಕಣ್ಣು ಹಾಯಿಸಿ ಒಳಗೆ ಹೋಗುತ್ತಿದ್ದಳು. ಓದಿ ಟೀಚರಾದಳು, ಬೇರೆ ಬೇರೆ ಊರು ಸುತ್ತಿದಳು, ಕೊನೆಗೆ ಅದೇ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದು ಊರವರ ಬಾಯಲ್ಲಿ ದೊಡ್ಡ ಅಕ್ಕೋರಾದಳು. ವರ್ಷಕ್ಕೊಮ್ಮೆ ನನಗೆ ಬಂಗಾರದ ಬಣ್ಣ ಹೊಡೆಯಲು ಬಂದ ಪೇಂಟರು ಅವಳಿಂದ ಬೈಸಿಕೊಳ್ಳದೆ ಹೋದದ್ದಿಲ್ಲ. "ತೆಳ್ಳಗ ಹಚ್ಚಪಾ, ಕಣ್ಣು ಮೂಗು ಮಾರಿ ಎಲ್ಲಾ ಮುಚ್ಚಿಬಿಡ್ತಿ" ಎನ್ನುತ್ತಿದ್ದಳು.

ಇನ್ನು ನಾನು ಹೊತ್ತ ಹೆಸರಿನ ಕಥೆ. ಬಾಪುಸಾಹೇಬರ ಕಾಲದಲ್ಲಿ ಬಿಳಿಯರ ವಿರುದ್ಧ ಎದ್ದ ನಾಲ್ವರು ನವಿಲಹಾಳದ ಗುಡ್ಡದ ಗವಿಯಲ್ಲಿ ಅಡಗಿದ್ದರು. ಬಿಳಿಯರಿಗೆ ಗವಿಯ ದಾರಿ ತೋರಿಸಿದವರು ಬಾಪುಸಾಹೇಬರು. ನಾಲ್ವರನ್ನೂ ಊರ ಅಗಸಿ ಬಾಗಿಲ ಮುಂದೆ ಗಲ್ಲಿಗೆ ಹಾಕಿದರು. ದಾರಿ ತೋರಿಸದಿದ್ದರೆ ಊರಿಗೇ ಬೆಂಕಿ ಬೀಳುತ್ತಿತ್ತು, ಅವರು ಊರು ಉಳಿಸಿದರು, ಬರಗಾಲದಲ್ಲಿ ನೆಲದೊಳಗಿನ ಹಗೇವು ತೆಗೆದು ಜೋಳ ಹಂಚಿದರು ಎಂದು ಒಂದು ಓಣಿ ಹೇಳುತ್ತದೆ. ತೋರಿಸಿದ್ದಕ್ಕೆ ಇನಾಮು ಭೂಮಿ ಪಡೆದರು, ಜೋಳ ಆ ಭೂಮಿಯದೇ, ಶಾಲೆಯ ಜಾಗವೂ ಅದೇ ಎಂದು ಇನ್ನೊಂದು ಓಣಿ ಹೇಳುತ್ತದೆ. ಎರಡನ್ನೂ ನಾನು ನನ್ನ ಮೂಗಿನ ಕೆಳಗೇ ಕೇಳಿದ್ದೇನೆ. ನನಗೆ ಕಂಡಂತೆ ಎರಡೂ ನಿಜ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಶಾಲೆಯಲ್ಲಿ ಪ್ರತಿವರ್ಷ ಬಾಪುಸಾಹೇಬ ಜಯಂತಿ ನಡೆಯುತ್ತಿತ್ತು. ಅವರು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ್ದರಿಂದ ಶಾಲೆ ಶುರುವಾದ ದಿನವೇ ಜಯಂತಿ. ವಾಡೆಯ ಈಗಿನ ಯಜಮಾನ ಅಪ್ಪಾಸಾಹೇಬರು ಬಂದು ನನಗೆ ಮಾಲೆ ಹಾಕುತ್ತಿದ್ದರು. ಮಕ್ಕಳಿಗೆ ಭಾಷಣ ಸ್ಪರ್ಧೆ ಇರುತ್ತಿತ್ತು. ಒಂದು ವರ್ಷ ಮೊದಲ ಬಹುಮಾನದ ಸ್ಟೀಲ್ ಲೋಟ ಬಂದದ್ದು ಲಾರಿ ಮಾಲೀಕ ಹುಲಗಪ್ಪ ತಳವಾರನ ಮಗಳಿಗೆ. ಗಲ್ಲಿಗೇರಿದ ನಾಲ್ವರಲ್ಲಿ ಒಬ್ಬ ಹುಲಗಪ್ಪನ ಮನೆಯ ಹಿರಿಯ. ಮಗಳು ಲೋಟ ಹಿಡಿದುಕೊಂಡು ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಹುಲಗಪ್ಪ ಅದೇ ಲೋಟ ಹಿಡಿದು ಶಾಲೆಗೆ ಬಂದ.

"ಅಕ್ಕೋರ, ನಮ್ಮ ಮುತ್ತಜ್ಜನ ಕೊರಳಿಗೆ ಹಗ್ಗ ಹಾಕ್ಸಿದಾವನ್ನ ನನ್ನ ಮಗಳು ಪುಣ್ಯಾತ್ಮ ಅಂತ ಹೊಗಳ್ಯಾಳ. ನೀವು ಬಹುಮಾನ ಕೊಟ್ಟೀರಿ. ಈ ಲೋಟದಾಗ ನಾ ಹೆಂಗ ನೀರು ಕುಡೀಲಿ?"

ದಾಕ್ಷಾಯಣಿ ಲೋಟ ಇಸಿದುಕೊಂಡಳು.

ಅಲ್ಲಿಂದ ಗದ್ದಲ ಶುರುವಾಯಿತು. ಹೆಸರು ಬದಲಿಸಬೇಕೆಂದು ಹುಲಗಪ್ಪನ ಕಡೆಯವರು ಅರ್ಜಿ ಕೊಟ್ಟರು. ಬದಲಿಸಕೂಡದೆಂದು ಅಪ್ಪಾಸಾಹೇಬರ ಕಡೆಯವರೂ ಕೊಟ್ಟರು. ಒಂದು ದಿನ ನನಗೆ ಹಾಲಿನ ಅಭಿಷೇಕ, ಮರುದಿನ ಮುಖಕ್ಕೆ ಸಗಣಿ. ಎರಡನ್ನೂ ತೊಳೆದವಳು ದಾಕ್ಷಾಯಣಿ. ಇಲಾಖೆಯವರು ಶಾಲಾ ಸಮಿತಿಯ ಅಭಿಪ್ರಾಯ ಕೇಳಿದರು. ಸಮಿತಿ ಸರಿಯಾಗಿ ಎರಡು ಹೋಳಾಯಿತು. ಕಡೆಗೆ ದೊಡ್ಡ ಅಕ್ಕೋರು ಏನು ಹೇಳುತ್ತಾರೋ ಅದೇ ಆಗಲಿ ಎಂದು ಎರಡೂ ಕಡೆಯವರು ಒಪ್ಪಿದರು. ತಾಯಿಯ ಭಕ್ತಿ ನೆನೆದು ಒಂದು ಕಡೆಯವರಿಗೆ, ಲೋಟ ಇಸಿದುಕೊಂಡದ್ದು ನೆನೆದು ಇನ್ನೊಂದು ಕಡೆಯವರಿಗೆ, ಅವಳು ತಮ್ಮವಳೇ ಎಂಬ ಭರವಸೆ ಇತ್ತು.

ಸಭೆಯ ಹಿಂದಿನ ಸಂಜೆ, ಮಕ್ಕಳು ಮನೆಗೆ ಹೋದ ಮೇಲೆ, ದಾಕ್ಷಾಯಣಿ ನನ್ನೆದುರು ಬಂದು ನಿಂತಳು.

"ಅಪ್ಪಾ, ನನಗ ಖರೇ ಅನಸಿದ್ದು ಹೇಳಿದ್ರ ಹೆಸರು ಹೋಗತೈತಿ, ಹೆಸರಿನ ಜೋಡಿ ನೀನೂ ಹೋಗ್ತಿ. ಸುಳ್ಳು ಹೇಳಿದ್ರ ನೀ ಉಳೀತಿ. ಏನ ಮಾಡ್ಲಿ ಹೇಳು."

ಮೂರ್ತಿಯನ್ನು ಸಲಹೆ ಕೇಳುವವರನ್ನು ನಾನು ಬಹಳ ಕಂಡಿದ್ದೇನೆ. ಉತ್ತರ ಮೊದಲೇ ಇಟ್ಟುಕೊಂಡು ಬಂದಿರುತ್ತಾರೆ. ಅವಳ ಬಳಿ ಇರಲಿಲ್ಲ. ಅವಳ ಕಣ್ಣು ತುಂಬಿತ್ತು. ನನಗೆ ಮರುಕವಾಯಿತು.

ಸಭೆ ಅಂಗಳದಲ್ಲೇ ನಡೆಯಿತು, ನನ್ನ ಮುಂದೆ. ಅಪ್ಪಾಸಾಹೇಬರು ಎಡಕ್ಕೆ ಕುರ್ಚಿಯಲ್ಲಿ, ಹುಲಗಪ್ಪ ಬಲಕ್ಕೆ ಬೆಂಚಿನ ಮೇಲೆ. ದಾಕ್ಷಾಯಣಿ ಎದ್ದು ನಿಂತಳು.

"ಬಾಪುಸಾಹೇಬ್ರು ಊರು ಉಳಿಸ್ಯಾರು, ಇಲ್ಲಂತ ನಾ ಅನ್ನೂದಿಲ್ಲ. ಆದ್ರ ಈ ಸಾಲಿಗೆ ಆ ನಾಕು ಮಂದಿ ಮನೀ ಮಕ್ಕಳೂ ಬರ್ತಾರ. ಅವರ ಹಿರ್ಯಾರನ್ನ ಹಿಡದು ಕೊಟ್ಟಾವ್ರಿಗೆ ಕೈ ಮುಗೀರಿ ಅಂತ ಆ ಮಕ್ಕಳಿಗೆ ಇನ್ನ ಮ್ಯಾಲೆ ನಾ ಹೇಳಾಕ ಆಗೂದಿಲ್ರಿ. ಹೆಸರು ಬದಲಾಗಲಿ."

ಬಲಗಡೆ ಸಿಳ್ಳೆ ಬಿತ್ತು. ಎಡಗಡೆ ಕುರ್ಚಿಗಳು ಉರುಳಿದವು. ಹುಲಗಪ್ಪನ ಕಡೆಯ ನಾಲ್ಕು ಜನ ಮೊದಲೇ ತಂದಿಟ್ಟುಕೊಂಡಿದ್ದ ಸುತ್ತಿಗೆ ಹಿಡಿದು ನನ್ನ ಕಡೆ ಬಂದರು. "ಮುಟ್ರಿ ನೋಡೂಣು" ಎಂದು ವಾಡೆಯ ಕಡೆಯವರು ಅಡ್ಡ ನಿಂತರು. ಅವರ ನಡುವೆ ದಾಕ್ಷಾಯಣಿ ನುಗ್ಗಿ ನನ್ನ ಕೊರಳು ತಬ್ಬಿಕೊಂಡಳು. ಐವತ್ತು ದಾಟಿದ ಹೆಣ್ಣುಮಗಳು, ಶಾಲೆಯ ಮುಖ್ಯಸ್ಥೆ, ಎಲ್ಲರೆದುರು.

"ಒಡೀಬ್ಯಾಡ್ರೋ. ಇದು ನಮ್ಮಪ್ಪನ ಮುಖ!"

ಸುತ್ತಿಗೆ ಹಿಡಿದವರು ನಿಂತರು. ದಾಕ್ಷಾಯಣಿ ಮೋನಪ್ಪ ಬಡಿಗೇರ ಏನು ಮಾಡಿದ್ದ ಎಂಬುದನ್ನು ಹೇಳಿದಳು. ಅವಳ ಮಾತಿನ ನಡುವೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬ "ಅಪ್ಪನ್ನ ಮನೀಗೆ ಒಯ್ಯಾಕ ಹೆಸರು ಬದಲಿಸಂದ್ರೇನ್ರಿ?" ಎಂದ.

"ಹೆಸರು ಉಳಿದಿದ್ರ ದಿನಾ ಇಲ್ಲೇ ನೋಡ್ತಿದ್ನಲ್ಲಪಾ" ಎಂದಳು.

ಅಪ್ಪಾಸಾಹೇಬರು ಕುರ್ಚಿಯಿಂದ ಎದ್ದು ಬಂದು ನನ್ನ ಮುಖವನ್ನು ಹತ್ತಿರದಿಂದ ನೋಡಿದರು. ಅಷ್ಟು ವರ್ಷ ಮಾಲೆ ಹಾಕಿದವರು ನನ್ನ ಮುಖ ನೋಡಿದ್ದು ಅದೇ ಮೊದಲು.

"ಹಂಗಾರ ನಾ ಹಾಕಿದ ಮಾಲಿ ಯಾರಿಗೆ ಮುಟ್ಟಿತು ಅಕ್ಕೋರ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ವಯಸ್ಸಾದ ಮನುಷ್ಯ, ನಿಜವಾಗಿಯೂ ತಿಳಿಯದೆ ಕೇಳಿದರು.

"ಯಾರನ್ನ ನೆನಸಿ ಹಾಕೀರೋ ಅವರಿಗೇ ಮುಟ್ಟೇತ್ರಿ ಧಣ್ಯಾರ."

ಅವರು ಕಟ್ಟೆಗೆ ಬಡಿದಿದ್ದ ಹಿತ್ತಾಳೆಯ ಹೆಸರಿನ ಫಲಕವನ್ನು ಬಿಚ್ಚಿಸಿಕೊಂಡು, ಶಲ್ಯದಲ್ಲಿ ಸುತ್ತಿ, "ಇದು ನಮ್ಮದು. ಅದನ್ನ ನೀವು ಒಯ್ರಿ" ಎಂದು ಹೊರಟುಹೋದರು. ನನ್ನ ಹೆಸರು ನನ್ನಿಂದ ಹಾಗೆ ಕಳಚಿತು. ಹಗುರವಾದೆ ಎಂದು ಹೇಳುವ ಆಸೆ ಇದೆ, ಆದರೆ ನನ್ನನ್ನು ಎತ್ತಿದವರಿಗೆ ಹಾಗೆ ಅನ್ನಿಸಲಿಲ್ಲ. ಎತ್ತಿದವರಲ್ಲಿ ಹುಲಗಪ್ಪನೂ ಇದ್ದ. "ಸಣ್ಣಾಂವಿದ್ದಾಗ ಈ ಮಾರಿಗೆ ಎಷ್ಟು ಕಲ್ಲು ಒಗದೇನಿ ಅಕ್ಕೋರ" ಎಂದು ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳಿದ. ತನ್ನ ಲಾರಿಯಲ್ಲಿ, ಹುಲ್ಲು ಹಾಸಿ, ನನ್ನನ್ನು ಕಮ್ಮಾರ ಓಣಿಗೆ ತಂದಿಳಿಸಿದ.

ಶಾಲೆಗೆ ಹೊಸ ಹೆಸರು ಇನ್ನೂ ಬಂದಿಲ್ಲ. ನಾಲ್ವರಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ನಾಲ್ಕು ಮನೆಗಳ ನಡುವೆ ಜಗಳ ಎದ್ದಿದೆಯಂತೆ. ಸದ್ಯಕ್ಕೆ ಬೋರ್ಡಿನ ಮೇಲೆ ಸರಕಾರಿ ಪ್ರೌಢಶಾಲೆ, ನವಿಲಹಾಳ ಎಂದಷ್ಟೇ ಇದೆ. ಮಕ್ಕಳು ಮೊದಲಿನಂತೆಯೇ ತಡವಾಗಿ ಬರುತ್ತಾರೆಂದು ದಾಕ್ಷಾಯಣಿ ಹೇಳುತ್ತಾಳೆ. ನಾನು ಅವಳ ಮನೆಯ ಪಡಸಾಲೆಯ ಮೂಲೆಯಲ್ಲಿದ್ದೇನೆ. ಮಗ್ಗುಲಲ್ಲಿ ಜೋಳದ ಚೀಲ, ಹಿಂದೆ ಗೋಡೆ. ಬಿಸಿಲಿಲ್ಲ, ಭಾಷಣವಿಲ್ಲ. ಒಂದು ಹೆಸರಿನ ಮೇಲೆ ಇಷ್ಟು ಜನ ಇಷ್ಟು ವರ್ಷ ಯಾಕೆ ಹೊಡೆದಾಡುತ್ತಾರೆಂದು ನನಗೆ ತಿಳಿಯುತ್ತಿರಲಿಲ್ಲ. ಸ್ವಲ್ಪ ತಿಳಿದದ್ದು ಈ ಮನೆಗೆ ಬಂದ ದಿನ.

ಮಾನವ್ವನಿಗೆ ಈಗ ಕಣ್ಣು ಕಾಣಿಸುವುದಿಲ್ಲ. ಮಗಳು ಕೈ ಹಿಡಿದು ತಂದು ಅವಳನ್ನು ನನ್ನ ಮುಂದೆ ಕೂರಿಸಿದಳು. ಮುದುಕಿಯ ಬೆರಳು ನನ್ನ ಹಣೆ, ಹುಬ್ಬು, ಕೆನ್ನೆಯ ಮೇಲೆ ನಿಧಾನ ಓಡಾಡಿತು. ಕಂಪೌಂಡಿನ ಆಚೆಯಿಂದ ಅಷ್ಟು ವರ್ಷ ನೋಡಿದವಳು, ಒಮ್ಮೆಯೂ ಮುಟ್ಟಿರಲಿಲ್ಲ.

"ನಾ ಮುದುಕಿ ಆದ್ನಿ. ನೀವು ಹಂಗ ಅದೀರಿ" ಎಂದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ಹತ್ತು ಜನ ಪೀಡಿಸಿದಾಗ, ಒಡಪಿನ ಪದ್ಯ ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ನಾಚಿಕೊಂಡು ಹೇಳಿದ್ದೇ ಕೊನೆ. ಮಾನವ್ವ ಮಗಳ ಕಡೆ ಮುಖ ತಿರುಗಿಸಿ ಮತ್ಯಾರು ಇದ್ದಾರೆಂದು ಕೇಳಿದಳು. ಯಾರೂ ಇಲ್ಲವೆಂದಳು ಮಗಳು. ಆಗ ಮುದುಕಿ ನನ್ನ ಎರಡೂ ಕೆನ್ನೆ ಹಿಡಿದು, ಒಡಪಿಲ್ಲದೆ, "ಕಾಳಪ್ಪಾ" ಎಂದು ಕರೆದಳು.

ಜೈಕಾರ ಕೇಳಿದ್ದೇನೆ, ಧಿಕ್ಕಾರ ಕೇಳಿದ್ದೇನೆ, ಎರಡಕ್ಕೂ ಸುಮ್ಮನಿದ್ದೆ. ಆ ಒಂದು ಸಲ ಮಾತ್ರ ಓ ಎನ್ನಬೇಕೆಂದು ನನಗೆ ತಡೆಯಲಾರದಷ್ಟು ಅನ್ನಿಸಿತು.