ಮೂವರಲ್ಲಿ ಇಬ್ಬರು ಒಪ್ಪಿದ ಸತ್ಯ

ಕಿಟೊಂಗೊ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ ಮುದುಕರ ಮಾತು ಸುಳ್ಳೆಂದು ತೀರ್ಮಾನವಾದದ್ದು ಮತದಿಂದ. ರಕ್ತದ ಚಿತ್ರ ನೋಡಿ ಮಲೇರಿಯಾ ಹಿಡಿಯುವುದನ್ನು ಯಂತ್ರಕ್ಕೆ ಕಲಿಸುವಾಗ ಕಂಪಾಲದ ಡಾಕ್ಟರ್ ನಕಿಬುಲೆ ಮಾಡಿಕೊಂಡ ಪದ್ಧತಿ ಅದು: ಪ್ರತಿ ಚಿತ್ರದಲ್ಲೂ ಮೂವರು ಗುರುತು ಹಾಕಬೇಕು, ಇಬ್ಬರು ಒಪ್ಪಿದ್ದು ಸತ್ಯ. ಒಬ್ಬರು ಆ ಮುದುಕರು, ಸಲೊಂಗೊ. ಅವಳಿ ಮಕ್ಕಳ ತಂದೆಗೆ ಅಲ್ಲಿ ಸಲ್ಲುವ ಆ ಬಿರುದಿನಡಿ ಅವರ ಸ್ವಂತ ಹೆಸರು ಊರಿಗೇ ಮರೆತುಹೋಗಿತ್ತು. ಉಳಿದಿಬ್ಬರು ನಕಿಬುಲೆಯ ವಿದ್ಯಾರ್ಥಿಗಳು. ಒಂದೇ ಪುಸ್ತಕ ಓದಿ, ಒಂದೇ ಬೆಂಚಿನಲ್ಲಿ ಕೂತವರು, ಹಾಗಾಗಿ ಒಂದೇ ತಪ್ಪು ಮಾಡಬಲ್ಲವರು. ಮಸುಕಾದ ಎಳೆಯ ಉಂಗುರಗಳನ್ನು ಸಲೊಂಗೊ ರೋಗಾಣು ಎಂದರೆ ಅವರು ರಕ್ತಕ್ಕೆ ಹಚ್ಚಿದ ಬಣ್ಣದ ಕಸ ಎಂದರು. ಬಹುಮತ ಗೆದ್ದಿತು. ಹಾಗೆ ಕಲಿತ ಯಂತ್ರ ಕಿಟೊಂಗೊಕ್ಕೇ ಬಂದು ಕೂತಿತು, ಸಲೊಂಗೊ ಮನೆಗೆ ಹೋದರು. ಅಲ್ಲಿನ ಹೆಣ್ಣುಮಕ್ಕಳ ರೂಢಿಯಂತೆ ಹಿರಿಯರೆದುರು ಮಂಡಿಯೂರಿ 'ನಿಮ್ಮ ಕಣ್ಣು ಸಾಲದು' ಎನ್ನುವುದು ಹೇಗೆಂದು ನಕಿಬುಲೆ ಕೆಲಸ ಬಿಡಿಸುವ ಕಾಗದವನ್ನು ಅಂಚೆಗೆ ಹಾಕಿದ್ದಳು.

ಎರಡು ವರ್ಷಕ್ಕೆ ಹೊಸ ಕ್ಯಾಮೆರಾ ಬಂತು. ಅದರೊಳಗಿನ ಕೂದಲಿಗಿಂತ ತೆಳುವಾದ ಹೊಸ ಅರೆವಾಹಕದ ಪದರ ಮನುಷ್ಯರ ಕಣ್ಣಿಗೆ ಸಿಗದ ಬೆಳಕನ್ನೂ ಹಿಡಿಯುತ್ತಿತ್ತು. ನಕಿಬುಲೆ ರಕ್ತ ಸವರಿದ ಹಳೆಯ ಗಾಜುಪಟ್ಟಿಗಳನ್ನೂ ಆಮೇಲಿನ ಎರಡು ವರ್ಷದವನ್ನೂ ಅದರಡಿ ಇಟ್ಟು ನೋಡಿದಳು. ಕಸ ಎಂದಲ್ಲೆಲ್ಲ ರೋಗಾಣುವಿನ ಉಂಗುರ.

ಈ ಸಲ ತಾನೇ ಹೋದಳು. ಅಂಗಳದಲ್ಲಿ ಸಲೊಂಗೊರ ಹೆಂಡತಿ ನಲೊಂಗೊ ಬಾಳೆಕಾಯಿ ಹೆರೆಯುತ್ತಿದ್ದರು. ನಕಿಬುಲೆ ಮಂಡಿಯೂರಿದಳು.

"ಏನ್ ಡಾಕ್ಟ್ರಮ್ಮ, ಅಂಚೆ ಗಾಡಿ ಕೆಟ್ಟೋಯ್ತಾ? ನೀವೇ ಬಂದ್ಬಿಟ್ರಿ!" ಎಂದರು ನಲೊಂಗೊ.

"ಸುಮ್ನಿರೇ," ಎಂದರು ಪಕ್ಕದಲ್ಲೇ ಕೂತಿದ್ದ ಸಲೊಂಗೊ. "ಏಳು ಮಗಳೇ, ಬಟ್ಟೆ ಮಣ್ಣಾಗುತ್ತೆ."

ಅವಳು ಏಳಲಿಲ್ಲ; 'ಅಯ್ಯಾ' ಎಂಬರ್ಥದ ಅಲ್ಲಿನ ಮಾತಿನಿಂದಲೇ ಕರೆದಳು. "ನೀವು ಹೇಳಿದ್ದೇ ಸರಿ, ಸೆಬೊ. ತಪ್ಪು ನಂದು. ಅದನ್ನ ಬರೆದು ಅಚ್ಚು ಹಾಕಿಸ್ತೀನಿ. ನಿಮ್ಮ ಹೆಸರು ಮೊದ್ಲು ಇರುತ್ತೆ."

"ಹೆಸರು ಹಾಕಿ ಸಾರು ಮಾಡ್ಲಾ?" ಎಂದರು ನಲೊಂಗೊ.

ಸಲೊಂಗೊ ನಕಿಬುಲೆಯ ಕೈಯಲ್ಲಿದ್ದ, ಹೊಸ ಚಿತ್ರಗಳ ಪರದೆಯನ್ನು ಹತ್ತಿರಕ್ಕೆಳೆದುಕೊಂಡರು. "ಇದು. ಇದೂ ಅದೇ. ನೋಡು, ಮೂಲೇಲಿ ಇನ್ನೊಂದು ಕಳ್ಳ." ಮುಖ ಅರಳಿತು. ಆಮೇಲೆ ಬೆರಳು ನಿಂತಿತು.

"ನಾನು ಹೋದ್ಮೇಲೂ ಜನ ಬಂದು ರಕ್ತ ಕೊಟ್ರಲ್ಲ ಮಗಳೇ. ಇದು ಇದ್ದೂ 'ಏನಿಲ್ಲ, ಮನೆಗೋಗಿ' ಅಂತ ನಿನ್ನ ಯಂತ್ರ ಎಷ್ಟು ಜನಕ್ಕೆ ಹೇಳ್ತು?"

"ನೂರಾ ನಲವತ್ತು."

"ಯಾರ್ಯಾರು?"

ರೋಗಿಗಳ ಗುಟ್ಟು ಕಾಯಲು ಗಾಜುಪಟ್ಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಬರೆಯುವುದು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಸುಡುವುದು ಅವಳ ಇನ್ನೊಂದು ಪದ್ಧತಿ. ನೈರೋಬಿಯ ಸಭೆಯಲ್ಲಿ ಅದಕ್ಕೆ ಎದ್ದುನಿಂತು ಚಪ್ಪಾಳೆ ತಟ್ಟಿದ್ದರು.

"ಸಂಖ್ಯೆ ಮಾತ್ರ ಇದೆ, ಸೆಬೊ."

ಸಲೊಂಗೊ ಟೋಪಿ ಹಾಕಿಕೊಂಡು ಎದ್ದರು. "ನಡಿ. ಮನೆಮನೆಗೂ ಹೋಗಿ ಕೇಳೋಣ."

ಮೊದಲ ಮನೆಯ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಜ್ವರಾನಾ ಸಲೊಂಗೊ? ಹೋದ್ ವರ್ಷ ನಮ್ಮ ಚಿಕ್ಕದಕ್ಕೆ ಬಂತಲ್ಲ. ಎರಡು ಸಲ ಕರ್ಕೊಂಡೋದೆ. ಎರಡು ಸಲಾನೂ ಏನೂ ಇಲ್ಲ ಅಂತ ಹೇಳ್ತು ಆ ಯಂತ್ರ. ಮೂರನೇ ಸಲಕ್ಕೆ ಮಗು ಇರ್ಲಿಲ್ಲ." ಆಮೇಲೆ ನಕಿಬುಲೆಯತ್ತ ತಿರುಗಿದಳು. "ಯಾಕಮ್ಮ, ರೋಗ ಇತ್ತಾ?"

ಪಟ್ಟಿ ಸುಟ್ಟಿದ್ದರಿಂದ, ಇತ್ತು ಎನ್ನಲೂ ಇರಲಿಲ್ಲ ಎನ್ನಲೂ ನಕಿಬುಲೆಗೆ ಯಾವ ದಾರಿಯೂ ಉಳಿದಿರಲಿಲ್ಲ.