ಐದನೆಯ ಮಾತು

ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಮಾತು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾಕೂಬಸಾಬ ಟಾಂಗಾಕ್ಕೆ ಕುದುರೆ ಪಳಗಿಸುತ್ತಿದ್ದ. ಅವನು ಮಾರಿದ ಕುದುರೆ ತಿರುಗಿ ಬಂದದ್ದಿಲ್ಲ. ಮೂವತ್ತು ವರ್ಷ ಅವನ ಅನ್ನ ನಡೆದದ್ದು ಆ ಹೆಸರಿನ ಮೇಲೆಯೇ. ಈ ಕಸುಬಿಗೆ ಒಂದು ಕಟ್ಟಳೆಯಿದೆ. ನಡೆ, ನಿಲ್ಲು, ಹೊರಳು, ಹಿಂದೆ ಸರಿ, ಇವಿಷ್ಟು ಬಿಟ್ಟು ಐದನೆಯ ಮಾತು ಕುದುರೆಯ ಕಿವಿಗೆ ಬೀಳಬಾರದು. ನಾಳೆ ಅದು ಇನ್ನೊಬ್ಬರ ಕೈಗೆ ಹೋಗುವ ಜೀವ.

ಹೆಂಡತಿ ಅಮೀನಾಬಿ ತೀರಿಕೊಂಡ ವರ್ಷ ಅವನು ಕಟ್ಟಳೆ ಮುರಿದ. ಮನೆಯಲ್ಲಿ ಇನ್ನೊಂದು ಜೀವವಿರಲಿಲ್ಲ. ಹೀರಾ ಎಂಬ ಕಂದು ಕುದುರೆಯ ಮೈ ತಿಕ್ಕುತ್ತ ದಿನವಿಡೀ ಹರಟುತ್ತಿದ್ದ. ರೊಟ್ಟಿ ಸುಟ್ಟದ್ದು, ಮೊಣಕಾಲು ನೋವು, ಅಮೀನಾಬಿಯ ಸಿಟ್ಟು, ಎಲ್ಲ ಅದಕ್ಕೆ ವರದಿ. ಎದುರಿನ ಅಂಗಡಿಯಲ್ಲಿ ಲಗಾಮು ಹೊಲಿಯುತ್ತಿದ್ದ ನಾನು ಎಲ್ಲರ ಜೊತೆ ಸೇರಿ ನಗುತ್ತಿದ್ದೆ. ಎದ್ದು ಹೋಗಿ ಅವನ ಕಟ್ಟೆಯ ಮೇಲೆ ಒಂದು ಗಳಿಗೆ ಕೂತವರು ಯಾರೂ ಇಲ್ಲ. ನಾನೂ ಇಲ್ಲ, ಸುಳ್ಳೇಕೆ ಹೇಳಲಿ.

ಸ್ಟೇಶನ್ನಿನ ಬಳಿ ಟಾಂಗಾ ಹೊಡೆಯುವ ದುರಗಪ್ಪ ಹೀರಾಳನ್ನು ಕೊಂಡ. ಮೂರನೆಯ ದಿನ ಹಿಡಿದುಕೊಂಡು ವಾಪಸು ಬಂದ.

"ಕಾಕಾ, ಇದು ಹತ್ತ ಹೆಜ್ಜಿ ಹೋಗಿ ನಿಂದರತೈತ್ರಿ. ಹಿಂದ ಕುಂತ ಮಂದಿ ಮಾತಾಡಿದ್ರ ಅಷ್ಟ ನಡೀತೈತಿ. ದಿನಾ ಹರಟಿಮಲ್ಲರನ್ನ ಎಲ್ಲಿಂದ ತರ್ಲಿ?"

ಓಣಿ ಬಿದ್ದು ಬಿದ್ದು ನಕ್ಕಿತು. ಯಾಕೂಬಸಾಬನ ಮುಖ ಕಪ್ಪಿಟ್ಟಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಇಲ್ಲಿ ಕೆಡುವುದರಲ್ಲಿದ್ದದ್ದು ಮೂವತ್ತು ವರ್ಷದ ಹೆಸರು.

"ಹದಿನೈದು ದಿನಾ ಕೊಡಪಾ. ಕಲಿಸಿದಾಂವ ನಾನ, ಮರೆಸಾಂವನೂ ನಾನ" ಎಂದ.

ಮರುದಿನದಿಂದ ಆ ನಾಲ್ಕು ಮಾತು ಬಿಟ್ಟರೆ ಬಾಯಿಗೆ ಬೀಗ. ಗೊರಸು ಕೆರೆಯುವಾಗಲೂ ಚಕಾರವಿಲ್ಲ. ಹೀರಾ ಕತ್ತು ಹೊರಳಿಸಿ ಅವನ ಮುಖವನ್ನೇ ನೋಡುತ್ತಿತ್ತು, ಮೂತಿಯಿಂದ ಭುಜ ತಿವಿಯುತ್ತಿತ್ತು. ಅವನು ಕಣ್ಣೊರೆಸಿಕೊಂಡು ಕೆಲಸ ಮುಂದುವರಿಸುತ್ತಿದ್ದ. ನೋಡಲಾರದೆ ಒಂದು ದಿನ ಕರೆದೆ.

"ಬಾರೋ ಯಾಕೂಬ, ಚಾ ಕುಡಿಯೂಣು."

ಕೈಸನ್ನೆಯಲ್ಲೇ ಬೇಡವೆಂದ. ಒಮ್ಮೆ ಬಾಯಿ ಸಡಿಲಾದರೆ ಮತ್ತೆ ಕುದುರೆಯ ಮುಂದೆ ಶುರುವಾದೀತೆಂಬ ಭಯ.

ಹನ್ನೆರಡನೆಯ ದಿನ ಹೀರಾ ಅವನತ್ತ ತಿರುಗಿ ನೋಡುವುದನ್ನು ಬಿಟ್ಟಿತು. ನಡೆಯೆಂದರೆ ನಡೆಯಿತು, ನಿಲ್ಲೆಂದರೆ ನಿಂತಿತು. "ಕಲತಾಳ, ಹುಲಗಪ್ಪ" ಎಂದು ನನಗೆ ಹೇಳಿ ಅವನು ಒಳಗೆ ಹೋದ. ದುರಗಪ್ಪ ಸಂತೋಷದಿಂದ ಒಯ್ದ. ಹೆಸರು ಉಳಿಯಿತು.

ಮುಂದಿನ ವಾರ ನಾವಿಬ್ಬರೂ ಸ್ಟೇಶನ್ನಿನ ಕಡೆ ಹೋದೆವು. ಟಾಂಗಾಗಳ ಸಾಲಿನಲ್ಲಿ ಹೀರಾ ಹುಲ್ಲು ತಿನ್ನುತ್ತಿತ್ತು. ಯಾಕೂಬಸಾಬ ಅದರ ಕೊರಳ ಮೇಲೆ ಕೈಯಿಟ್ಟ.

"ಹೆಂಗದೀ ನನ್ನವ್ವಾ? ನನಗ ಎರಡ ದಿನಾ ಜ್ವರಾ ಬಂದಿತ್ತು."

ಹೀರಾ ಹುಲ್ಲಿನಿಂದ ತಲೆಯೆತ್ತಲಿಲ್ಲ.

"ಭಾಳ ಛಲೋ ಕಲಿಸೀರಿ ಕಾಕಾ" ಎಂದ ದುರಗಪ್ಪ.

ಯಾಕೂಬಸಾಬ ಕೈ ತೆಗೆದ. ಮನೆ ಮುಟ್ಟುವ ತನಕ ನಾನು ಏನೇನೋ ಮಾತಾಡಿದೆ. ಅವನು ಒಂದಕ್ಕೂ ತಿರುಗಿ ನೋಡಲಿಲ್ಲ.